ಹಾಲು ಬಾರದ ಬಾಣಂತನ, ಮೂವತ್ತು ವರ್ಷದ ಸುಸ್ತು

ಪ್ರಶ್ನೆ: ನಮ್ಮದು ಸೋಮವಾರಪೇಟೆ ತಾಲ್ಲೂಕು, ಮಾದಾಪುರ ಕಡೆಯ ಹಳ್ಳಿ. ಅತ್ತೆಗೆ ಈಗ 54 ವರ್ಷ. ನಾನು ಮದುವೆಯಾಗಿ ಬಂದಾಗಿನಿಂದ ಅವರು ಚುರುಕಾಗಿ ಓಡಾಡಿದ್ದನ್ನು ನೋಡಿಲ್ಲ. ಮಳೆಗಾಲ ಬಂದರೆ ಒಲೆ ಬಿಟ್ಟು ಏಳುವುದಿಲ್ಲ. ಆರು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಟಿಎಸ್‌ಎಚ್ ತುಂಬಾ ಕಡಿಮೆ ಬಂತು ಎಂದು ಪ್ರತಿ ಸಲವೂ ಡೋಸ್ ಇಳಿಸಿದ್ದಾರೆ. ಎರಡು ಸಲ ಜ್ವರ ಬಂದು, ಸೋಡಿಯಂ ಇಳಿದು, ಎಚ್ಚರ ತಪ್ಪಿ ಆಸ್ಪತ್ರೆಗೆ ಸೇರಿಸಿದ್ದೆವು. ಕಳೆದ ತಿಂಗಳು ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ‘ಎಂಪ್ಟಿ ಸೆಲ್ಲಾ’ ಎಂದು ಬಂದಿದೆ. ಪಿಟ್ಯುಟರಿ ಗ್ರಂಥಿ ಕೆಲಸ ಮಾಡುತ್ತಿಲ್ಲ, ಜೀವನಪೂರ್ತಿ ಸ್ಟೀರಾಯ್ಡ್ ಬೇಕು ಎಂದರು. ಮೆದುಳಿನ ಆಪರೇಷನ್ ಆಗಬೇಕಾ? ಸ್ಟೀರಾಯ್ಡ್ ತಿಂದರೆ ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ನಿಲ್ಲಿಸಿಬಿಡಿ ಎಂದು ನೆಂಟರು ಹೇಳುತ್ತಿದ್ದಾರೆ. ಇದು ಮಕ್ಕಳು ಮೊಮ್ಮಕ್ಕಳಿಗೂ ಬರುತ್ತದಾ? ಕಕ್ಕಡ ತಿಂಗಳ 18ಕ್ಕೆ ನಮ್ಮಲ್ಲಿ ಮದ್ದು ಸೊಪ್ಪಿನಿಂದ ಮಾಡುವ ಪಾಯಸ ಕೊಡಬಹುದಾ? ಇನ್ನೊಂದು ವಿಷಯ, ಇದು ಬೇಕೋ ಬೇಡವೋ ಗೊತ್ತಿಲ್ಲ: ನನ್ನ ಗಂಡ ಹುಟ್ಟಿದ್ದು ಮನೆಯಲ್ಲೇ. ಆಗ ಅತ್ತೆಗೆ ತುಂಬಾ ರಕ್ತ ಹೋಗಿತ್ತಂತೆ. ಅವರಿಗೆ ಹಾಲೇ ಬರಲಿಲ್ಲ, ಮಗುವಿಗೆ ದೊಡ್ಡಮ್ಮ ಹಾಲುಣಿಸಿದರಂತೆ.

ಉತ್ತರ:

‘ಬೇಕೋ ಬೇಡವೋ’ ಎಂದು ನೀವು ಕೊನೆಗೆ ಸೇರಿಸಿದ ಆ ವಿಷಯವೇ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಅದನ್ನು ಓದಿದ ಮೇಲೆ ಎಂಆರ್‌ಐ ವರದಿಯಿಂದ ನನಗೆ ಹೊಸದೇನೂ ತಿಳಿಯಬೇಕಿರಲಿಲ್ಲ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿದೆ, ಎದೆಯಲ್ಲಿ ಹಾಲು ಇಳಿದಿಲ್ಲ. ಅವರನ್ನು ಕೇಳಿ ನೋಡಿ, ಆಮೇಲೆ ಮುಟ್ಟೂ ಮರಳಿರಲಾರದು. ಈ ಮೂರೂ ಕೂಡಿದರೆ ಅದಕ್ಕೆ ಶೀಹನ್ ಸಿಂಡ್ರೋಮ್ ಎಂದು ಹೆಸರು. 1937ರಲ್ಲಿ ಹೆರಾಲ್ಡ್ ಶೀಹನ್ ಎಂಬ ಬ್ರಿಟಿಷ್ ರೋಗಶಾಸ್ತ್ರಜ್ಞರು ಹೆರಿಗೆಯ ರಕ್ತಸ್ರಾವಕ್ಕೂ ಪಿಟ್ಯುಟರಿ ಗ್ರಂಥಿಯ ಸಾವಿಗೂ ಇರುವ ನಂಟನ್ನು ಸ್ಪಷ್ಟವಾಗಿ ವಿವರಿಸಿದರು.

ನಿಮಗೆ ಹೆಚ್ಚು ಭಯವಿರುವ ಪ್ರಶ್ನೆಗಳಿಗೆ ಮೊದಲು ಉತ್ತರಿಸುತ್ತೇನೆ. ಆಪರೇಷನ್ ಬೇಡ. ಇದು ವಂಶದಲ್ಲಿ ಹರಿದು ಬರುವ ಕಾಯಿಲೆಯಲ್ಲ, ನಿಮ್ಮ ಗಂಡನಿಗಾಗಲಿ ಮಕ್ಕಳಿಗಾಗಲಿ ಇದರಿಂದ ಏನೂ ಇಲ್ಲ. ಮೈಸೂರಿನ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ಮಾತ್ರ ಯಾರು ಎಷ್ಟೇ ಹೇಳಿದರೂ ಒಂದು ದಿನವೂ ನಿಲ್ಲಿಸಬೇಡಿ. ನೆಂಟರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕಾಳಜಿಯಿಂದಲೇ ಹೇಳಿದ್ದಾರೆ. ಆದರೆ ಈ ಒಂದು ವಿಷಯದಲ್ಲಿ ಅವರ ಮಾತು ಕೇಳಿದರೆ ಅತ್ತೆಯ ಜೀವಕ್ಕೇ ಅಪಾಯ. ಯಾಕೆ ಎನ್ನುವುದು ತಿಳಿಯಬೇಕಾದರೆ ಗ್ರಂಥಿಯ ಕೆಲಸ ತಿಳಿಯಬೇಕು.

ಎರಡು ಹುಬ್ಬುಗಳ ನಡುವಿನಿಂದ ನೇರ ಒಳಕ್ಕೆ ಹೋದರೆ, ಮೂಗಿನ ಹಿಂಭಾಗದ ಮೇಲ್ಗಡೆ, ತಲೆಬುರುಡೆಯ ತಳದ ಮೂಳೆಯಲ್ಲಿ ಕುದುರೆಯ ಜೀನಿನ ಆಕಾರದ ಒಂದು ಗುಳಿ ಇದೆ. ಅದಕ್ಕೇ ಸೆಲ್ಲಾ ಎನ್ನುವುದು. ಲ್ಯಾಟಿನ್ನಿನಲ್ಲಿ ಆ ಪದದ ಅರ್ಥವೂ ಜೀನು. ಆ ಗುಳಿಯಲ್ಲಿ ಕಡಲೆಕಾಳಿನ ಗಾತ್ರದ, ಅರ್ಧ ಗ್ರಾಂ ಆಸುಪಾಸು ತೂಗುವ ಪಿಟ್ಯುಟರಿ ಕೂತಿರುತ್ತದೆ. ಮೆದುಳಿನ ಸಿಂಬಳ ಇಲ್ಲಿಂದ ಮೂಗಿಗೆ ಇಳಿಯುತ್ತದೆ ಎಂದು ಹಳೆಯ ಕಾಲದ ಯುರೋಪಿನ ವೈದ್ಯರು ತಿಳಿದಿದ್ದರು. ಪಿಟ್ಯುಟರಿ ಎಂಬ ಹೆಸರು ಬಂದದ್ದು ಕಫ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಇಷ್ಟು ದೊಡ್ಡ ಕೆಲಸದ ಅಂಗಕ್ಕೆ ಎಂಥ ಹೆಸರು ಎಂದು ನನಗೆ ಈಗಲೂ ಬೇಸರವಾಗುತ್ತದೆ.

ಕೆಲಸವನ್ನು ನಮ್ಮ ಕಾಫಿ ತೋಟದ ಲೆಕ್ಕದಲ್ಲಿ ಹೇಳಿದರೆ ನಿಮಗೆ ಬೇಗ ಹಿಡಿಯುತ್ತದೆ. ಮೆದುಳಿನೊಳಗೆ ಹೈಪೊಥಲಾಮಸ್ ಎಂಬ ಭಾಗವಿದೆ, ಅದನ್ನು ತೋಟದ ರೈಟರ್ ಎನ್ನಿ. ರೈಟರ್ ಹೇಳಿದ್ದನ್ನು ಕೇಳಿ ಆಳುಗಳಿಗೆ ಕೂಗಿ ಕೆಲಸ ಹಚ್ಚುವ ಮೇಸ್ತ್ರಿಯೇ ಪಿಟ್ಯುಟರಿ. ಕುತ್ತಿಗೆಯ ಥೈರಾಯ್ಡ್, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು, ಹೆಂಗಸರ ಅಂಡಾಶಯ, ಗಂಡಸರ ವೃಷಣ, ಇವೆಲ್ಲ ಆಳುಗಳು. ಮೇಸ್ತ್ರಿಯ ಒಂದೊಂದು ಕೂಗೂ ಒಂದೊಂದು ಹಾರ್ಮೋನು. ಥೈರಾಯ್ಡನ್ನು ಎಬ್ಬಿಸುವುದು ಟಿಎಸ್‌ಎಚ್. ಅಡ್ರಿನಲ್‌ನಿಂದ ದೇಹ ತಾನೇ ಮಾಡಿಕೊಳ್ಳುವ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ಹೊರಡಿಸುವುದು ಎಸಿಟಿಎಚ್. ಮುಟ್ಟು, ಗರ್ಭಧಾರಣೆ, ವೀರ್ಯ ಇವುಗಳ ಉಸ್ತುವಾರಿ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್‌ನದು. ಮಕ್ಕಳನ್ನು ಎತ್ತರಕ್ಕೆ ಬೆಳೆಸಿ, ದೊಡ್ಡವರಲ್ಲಿ ಮಾಂಸಖಂಡಕ್ಕೆ ಕಸುವು ಕೊಡುವುದು ಬೆಳವಣಿಗೆಯ ಹಾರ್ಮೋನು. ಎದೆಯಲ್ಲಿ ಹಾಲು ಉತ್ಪತ್ತಿ ಮಾಡಿಸುವುದು ಪ್ರೊಲ್ಯಾಕ್ಟಿನ್. ಈ ಆರೂ ಗ್ರಂಥಿಯ ಮುಂಭಾಗದಲ್ಲಿ ತಯಾರಾಗುತ್ತವೆ. ಹಿಂಭಾಗ ಸ್ವಂತವಾಗಿ ಏನನ್ನೂ ತಯಾರಿಸುವುದಿಲ್ಲ, ಹೈಪೊಥಲಾಮಸ್ ಮಾಡಿ ಕಳಿಸಿದ ಎರಡು ಹಾರ್ಮೋನುಗಳನ್ನು ಕೂಡಿಟ್ಟು ಬೇಕಾದಾಗ ಬಿಡುತ್ತದೆ. ಒಂದು, ಮೂತ್ರದಲ್ಲಿ ನೀರು ಪೋಲಾಗದಂತೆ ಹಿಡಿದಿಡುವ ವಾಸೊಪ್ರೆಸಿನ್. ಇನ್ನೊಂದು, ಹೆರಿಗೆಯಲ್ಲಿ ಗರ್ಭಕೋಶವನ್ನು ಬಿಗಿಯುವ, ಮಗು ಚೀಪಿದಾಗ ಹಾಲನ್ನು ಹೊರಕ್ಕೆ ತಳ್ಳುವ ಆಕ್ಸಿಟೋಸಿನ್.

ಈಗ ನಿಮ್ಮ ಅತ್ತೆಯ ಆ ರಾತ್ರಿಗೆ ಬರೋಣ. ಬಸುರಿನಲ್ಲಿ ಪಿಟ್ಯುಟರಿಯ ಮುಂಭಾಗ ಗಣನೀಯವಾಗಿ ಹಿಗ್ಗುತ್ತದೆ. ಹಾಲಿನ ಹಾರ್ಮೋನು ಮಾಡುವ ಕೋಶಗಳು ಬೆಳೆದು ಮಗುವಿನ ಊಟಕ್ಕೆ ಮೊದಲೇ ಸಿದ್ಧತೆ ನಡೆಸಿರುತ್ತವೆ. ಗಾತ್ರ ಹಿಗ್ಗಿದಂತೆ ಅದಕ್ಕೆ ರಕ್ತವೂ ಹೆಚ್ಚು ಬೇಕು. ಆದರೆ ಮುಂಭಾಗಕ್ಕೆ ರಕ್ತ ಮುಖ್ಯವಾಗಿ ಬರುವುದು ಜೋರಾಗಿ ಚಿಮ್ಮುವ ಅಪಧಮನಿಯಿಂದಲ್ಲ, ಹೈಪೊಥಲಾಮಸ್‌ನಿಂದ ಇಳಿಯುವ, ಒತ್ತಡ ಕಡಿಮೆಯಿರುವ ಸಣ್ಣ ನಾಳಗಳಿಂದ. ಗುಡ್ಡದ ಮೇಲಿನ ಕೊನೆಯ ಮನೆಯ ನಲ್ಲಿ ನೆನಪಿಸಿಕೊಳ್ಳಿ. ಟ್ಯಾಂಕಿನಲ್ಲಿ ನೀರು ಇಳಿದ ಕೂಡಲೇ ಮೊದಲು ಒಣಗುವುದು ಅದೇ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯದೆ ರಕ್ತ ಹರಿದು ಹೋಗಿ ಬಿಪಿ ಕುಸಿದಾಗ ಈ ಹಿಗ್ಗಿದ ಗ್ರಂಥಿಗೆ ರಕ್ತ ಸಾಲದೆ ಅದರ ಕೋಶಗಳು ಸಾಯುತ್ತವೆ. ತಾಯಿಯ ಜೀವವೇನೋ ಉಳಿಯುತ್ತದೆ. ಗ್ರಂಥಿ ಮಾತ್ರ ಸತ್ತು, ಕಾಲಕ್ರಮದಲ್ಲಿ ಮುರುಟಿ, ಜೀನಿನ ಗುಳಿ ಖಾಲಿಯಾಗಿ ಕಾಣುತ್ತದೆ. ನಿಮ್ಮ ವರದಿಯಲ್ಲಿರುವ ‘ಎಂಪ್ಟಿ ಸೆಲ್ಲಾ’ ಎಂದರೆ ಇಷ್ಟೇ. ಗೆಡ್ಡೆಯಲ್ಲ, ಕ್ಯಾನ್ಸರ್ ಅಲ್ಲ. ತೆಗೆಯುವಂಥದ್ದು ಅಲ್ಲಿ ಏನೂ ಇಲ್ಲ, ಹಾಗಾಗಿ ಆಪರೇಷನ್ನಿನ ಮಾತೇ ಬರುವುದಿಲ್ಲ. ಹಿಂಭಾಗಕ್ಕೆ ಬೇರೆ ಅಪಧಮನಿಯಿಂದ ನೇರ ರಕ್ತ ಸಿಗುವುದರಿಂದ ಅದು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ.

ಇಲ್ಲಿ ಒಂದು ಮಾತು ನಿಮ್ಮ ಅತ್ತೆಗೆ ನೇರವಾಗಿ. ಹಾಲು ಬಾರದ ಬಾಣಂತಿಗೆ ನಮ್ಮಲ್ಲಿ ಏನೇನು ಹೇಳುತ್ತಾರೆ ಎನ್ನುವುದು ನನಗೆ ಗೊತ್ತಿದೆ. ದೃಷ್ಟಿ ತಗುಲಿದೆ ಎನ್ನುತ್ತಾರೆ, ಸರಿಯಾಗಿ ಉಣ್ಣಲಿಲ್ಲ ಎನ್ನುತ್ತಾರೆ, ಮಗುವಿನ ಮೇಲೆ ಮನಸ್ಸಿಲ್ಲ ಎಂದವರೂ ಇದ್ದಾರೆ. ಈ ಕಾಯಿಲೆಯ ಹೆಂಗಸರು ನನ್ನ ಮುಂದೆ ಅತ್ತದ್ದು ಹೆಚ್ಚಾಗಿ ಸುಸ್ತಿನ ವಿಷಯಕ್ಕಲ್ಲ, ಈ ವಿಷಯಕ್ಕೆ. ಅಮ್ಮಾ, ನಿಮ್ಮ ಎದೆಗೆ ಹಾಲು ಇಳಿಸಬೇಕಾದ ಗ್ರಂಥಿಯೇ ಆ ರಾತ್ರಿ ಸತ್ತುಹೋಗಿತ್ತು. ಮೆಂತ್ಯ, ಬೆಳ್ಳುಳ್ಳಿ, ಪಥ್ಯ ಏನು ಮಾಡಿದ್ದರೂ ಹಾಲು ಬರುತ್ತಿರಲಿಲ್ಲ. ನಿಮ್ಮಿಂದ ಯಾವ ಲೋಪವೂ ಆಗಿಲ್ಲ.

ಮುಂದಿನ ವರ್ಷಗಳಲ್ಲಿ ನಡೆದದ್ದನ್ನು ಪತ್ರದಲ್ಲಿ ಇಲ್ಲದಿದ್ದರೂ ಊಹಿಸಬಲ್ಲೆ. ಮುಟ್ಟು ನಿಂತಿತು, ರಕ್ತ ಹೋಗಿ ನಿಶ್ಶಕ್ತಿಯಾಗಿದೆ ಎಂದುಕೊಂಡರು. ಕಂಕುಳಿನ ಕೂದಲು ಉದುರಿತು, ಅದನ್ನು ಯಾರಿಗೂ ಹೇಳಲಿಲ್ಲ. ಮುಖ ಬಿಳಿಚಿಕೊಂಡು ಕಣ್ಣು ಬಾಯಿಯ ಸುತ್ತ ಸಣ್ಣ ಸುಕ್ಕುಗಳು ಮೂಡಿದವು. ರಕ್ತಹೀನತೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು, ಹಿಮೋಗ್ಲೋಬಿನ್ ಏರಲಿಲ್ಲ. ಬೆಳಿಗ್ಗೆ ಏಳುವಾಗ ತಲೆ ಸುತ್ತು, ಊಟ ತಡವಾದರೆ ಬೆವರು, ಚಳಿ ತಡೆಯದು. ಕೊಡಗಿನ ಮಳೆಗಾಲದಲ್ಲಿ ಎಲ್ಲರೂ ಒಲೆ ಹತ್ತಿರವೇ ಇರುತ್ತಾರಲ್ಲ, ಹಾಗಾಗಿ ‘ಚಳಿ ಆಗುತ್ತದೆ’ ಎಂದರೆ ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ. ಒಂದೊಂದೂ ಸಣ್ಣದು, ಒಂದೊಂದಕ್ಕೂ ಬೇರೆ ಬೇರೆ ಕಾರಣ ಸಿಗುತ್ತದೆ. ಹೀಗಾಗಿ ಹೆರಿಗೆಗೂ ಪತ್ತೆಗೂ ನಡುವೆ ಹತ್ತು, ಇಪ್ಪತ್ತು ವರ್ಷ ಕಳೆಯುವುದು ಈ ಕಾಯಿಲೆಯಲ್ಲಿ ಅಪರೂಪವೇನಲ್ಲ.

ನಾನು ಕಲಿಯುತ್ತಿದ್ದ ದಿನಗಳಲ್ಲಿ ತೋಟದ ಲೈನ್ ಮನೆಯಿಂದ ಬಂದ ಒಬ್ಬ ತಾಯಿಗೆ ಸೋಡಿಯಂ ಇಳಿದಿತ್ತು. ಡ್ರಿಪ್ ಹಾಕಿದೆವು, ಏರಿತು, ಮನೆಗೆ ಕಳಿಸಿದೆವು. ನಾಲ್ಕು ತಿಂಗಳಿಗೆ ಮತ್ತೆ ಬಂದರು. ಮೂರನೆಯ ಸಲ ಬಂದಾಗ ಹಿರಿಯ ನರ್ಸ್ ಒಬ್ಬರು ಹಾಸಿಗೆಯ ಪಕ್ಕ ಕೂತು, ಕೊನೆಯ ಹೆರಿಗೆ ಎಲ್ಲಾಯ್ತು, ಹಾಲು ಬಂತಾ ಎಂದು ಕೇಳಿದರು. ನಾನು ಎರಡು ಸಲ ಅವರ ಕೇಸ್‌ಶೀಟ್ ಬರೆದಿದ್ದೆ, ಒಮ್ಮೆಯೂ ಕೇಳಿರಲಿಲ್ಲ. ಆ ನೋವು ಇನ್ನೂ ಇದೆ. ಅಂದಿನಿಂದ ಸುಸ್ತು ಎಂದು ಬರುವ, ಮಕ್ಕಳನ್ನು ಹೆತ್ತ ಪ್ರತಿ ಹೆಂಗಸಿಗೂ ಮೂರು ಪ್ರಶ್ನೆ ಕೇಳುತ್ತೇನೆ: ಕೊನೆಯ ಹೆರಿಗೆಯಲ್ಲಿ ಬಹಳ ರಕ್ತ ಹೋಯಿತಾ, ಹಾಲು ಬಂತಾ, ಮುಟ್ಟು ಮರಳಿತಾ. ಒಂದು ನಿಮಿಷವೂ ಬೇಡ, ಒಂದು ರೂಪಾಯಿಯೂ ಖರ್ಚಿಲ್ಲ.

ಇನ್ನು ಟಿಎಸ್‌ಎಚ್ ವಿಷಯ. ಆರು ವರ್ಷ ದಾರಿ ತಪ್ಪಿದ್ದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ. ನಾವು ಸಾಮಾನ್ಯವಾಗಿ ನೋಡುವ ಥೈರಾಯ್ಡ್ ಕೊರತೆಯಲ್ಲಿ ಕೆಟ್ಟಿರುವುದು ಥೈರಾಯ್ಡೇ. ಆಳು ಏಳುತ್ತಿಲ್ಲ, ಮೇಸ್ತ್ರಿ ಕೂಗು ಏರಿಸುತ್ತಾನೆ, ಅಂದರೆ ಟಿಎಸ್‌ಎಚ್ ಏರುತ್ತದೆ. ಮಾತ್ರೆ ಕೊಟ್ಟರೆ ಕೂಗು ಇಳಿಯುತ್ತದೆ. ಅವರಲ್ಲಿ ಟಿಎಸ್‌ಎಚ್ ನೋಡಿ ಡೋಸ್ ಸರಿಪಡಿಸುವುದು ಸರಿಯಾದ ಕ್ರಮ. ಆದರೆ ಮೇಸ್ತ್ರಿಯೇ ಹಾಸಿಗೆ ಹಿಡಿದಿದ್ದರೆ? ಆಳುಗಳು ಕೆಲಸ ಬಿಟ್ಟು ಕೂತಿದ್ದರೂ ಕೂಗು ಕೇಳಿಸುವುದಿಲ್ಲ, ಕೇಳಿಸಿದರೂ ಮಾಮೂಲಿ ದನಿ. ಟಿಎಸ್‌ಎಚ್ ‘ನಾರ್ಮಲ್’ ಎಂದೇ ಬರಬಹುದು. ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಅದು ಇನ್ನೂ ಕೆಳಕ್ಕೆ ಬೀಳುತ್ತದೆ. ಅದನ್ನು ನೋಡಿ ‘ಡೋಸ್ ಜಾಸ್ತಿಯಾಯಿತು’ ಎಂದು ಇಳಿಸಿದರೆ, ಸಾಲದೆ ಇದ್ದ ಮಾತ್ರೆಯನ್ನು ಮತ್ತಷ್ಟು ಕಿತ್ತುಕೊಂಡಂತೆ. ನಿಮ್ಮಲ್ಲಿ ಆಗಿರುವುದು ಇದೇ. ಇನ್ನು ಮುಂದೆ ಅತ್ತೆಗೆ ಟಿಎಸ್‌ಎಚ್ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಥೈರಾಯ್ಡಿನ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 ಎಂಬ ಪರೀಕ್ಷೆ ಮಾಡಿಸಿ. ಅಂದಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಬೇಕು, ಫಲಿತಾಂಶ ನಾರ್ಮಲ್ ಮಿತಿಯ ಮೇಲಿನ ಅರ್ಧದಲ್ಲಿರಬೇಕು. ಲ್ಯಾಬ್ ಚೀಟಿಯ ಮೇಲೆ ‘ಪಿಟ್ಯುಟರಿ ತೊಂದರೆ ಇದೆ’ ಎಂದು ಬರೆಸಿ, ಹೊಸ ವೈದ್ಯರ ಬಳಿ ಹೋದರೂ ಅದನ್ನೇ ಮೊದಲು ಹೇಳಿ.

ಇದಕ್ಕಿಂತ ದೊಡ್ಡ ಅಪಾಯ ಒಂದಿದೆ. ಕಾರ್ಟಿಸಾಲ್ ಇಲ್ಲದ ದೇಹಕ್ಕೆ ಥೈರಾಯ್ಡ್ ಮಾತ್ರೆ ಮಾತ್ರ ಕೊಟ್ಟರೆ, ಉಳಿದಿರುವ ಚೂರುಪಾರು ಕಾರ್ಟಿಸಾಲೂ ಬೇಗ ಖರ್ಚಾಗುತ್ತದೆ. ಅದರ ಮೇಲೆ ಒಂದು ಜ್ವರ ಬಿದ್ದರೆ ಸಾಕು, ಬಿಪಿ, ಸಕ್ಕರೆ, ಸೋಡಿಯಂ ಮೂರೂ ಕುಸಿದು ಎಚ್ಚರ ತಪ್ಪುತ್ತದೆ. ಅತ್ತೆ ಎರಡು ಸಲ ಬಿದ್ದದ್ದು ಹೀಗೆಯೇ ಎನ್ನುವುದು ನನ್ನ ಬಲವಾದ ಅನುಮಾನ. ಆದ್ದರಿಂದ ಮೊದಲು ಕಾರ್ಟಿಸಾಲ್, ಆಮೇಲೆ ಥೈರಾಯ್ಡ್. ಈ ಕ್ರಮ ತಪ್ಪಬಾರದು. ಸೋಡಿಯಂ ಇಳಿದದ್ದೂ ಉಪ್ಪು ಕಡಿಮೆ ತಿಂದು ಅಲ್ಲ. ಕಾರ್ಟಿಸಾಲ್ ಇಲ್ಲದಾಗ ವಾಸೊಪ್ರೆಸಿನ್‌ಗೆ ಲಗಾಮು ತಪ್ಪಿ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದ ಉಪ್ಪು ತೆಳುವಾಗುತ್ತದೆ. ಉಪ್ಪಿನಕಾಯಿ, ಉಪ್ಪು ಹಾಕಿದ ಗಂಜಿ ಎಷ್ಟು ಕೊಟ್ಟರೂ ಅದು ನಿಲ್ಲುವುದಿಲ್ಲ, ಕಾರ್ಟಿಸಾಲ್ ಕೊಟ್ಟರೆ ತಾನಾಗಿ ಸರಿಹೋಗುತ್ತದೆ.

ಕಾರ್ಟಿಸಾಲ್ ಕೊರತೆಯನ್ನು ಬೆಳಿಗ್ಗೆ 8 ಗಂಟೆಯ ರಕ್ತದಲ್ಲಿ ನೋಡುತ್ತಾರೆ, ದಿನದಲ್ಲಿ ಅದು ಹೆಚ್ಚಿರುವುದು ಆಗಲೇ. ಪ್ರತಿ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಖಚಿತ. 18 ದಾಟಿದ್ದರೆ ಚಿಂತೆಯಿಲ್ಲ. ನಡುವೆ ಬಂದರೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ಮತ್ತೆ ಅಳೆಯಬೇಕಾಗುತ್ತದೆ.

ಈಗ ನೆಂಟರ ಭಯ. ಸ್ಟೀರಾಯ್ಡ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕೆಲಸಗಳಿವೆ. ಉಬ್ಬಸ, ಕೀಲುವಾತಕ್ಕೆ ಕೊಡುವಾಗ ದೇಹ ತಾನೇ ಮಾಡುವುದಕ್ಕಿಂತ ಹಲವು ಪಟ್ಟು ಹೆಚ್ಚು ಕೊಡುತ್ತಾರೆ. ಜೋರು ಉಬ್ಬಸಕ್ಕೆ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಕೊಟ್ಟರೆ ಅದು ಕಾರ್ಟಿಸಾಲಿನದೇ ಔಷಧ ರೂಪವಾದ 160 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್‌ಗೆ ಸಮ. ಅಷ್ಟನ್ನು ತಿಂಗಳುಗಟ್ಟಲೆ ತಿಂದರೆ ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಸವೆಯುವುದು ನಿಜ. ನಿಮ್ಮ ಅತ್ತೆಗೆ ಬೇಕಾಗುವುದು ಸಾಮಾನ್ಯವಾಗಿ ದಿನಕ್ಕೆ 15ರಿಂದ 20 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್. ದೇಹ ಮಾಡಬೇಕಿದ್ದಷ್ಟೇ, ಹೆಚ್ಚಲ್ಲ. ನಿಮ್ಮ ಒಳಗೂ ನನ್ನ ಒಳಗೂ ಇಂದು ಬೆಳಿಗ್ಗೆ ಇದೇ ವಸ್ತು ತಯಾರಾಗಿದೆ, ಅವರೊಳಗೆ ಆಗಿಲ್ಲ, ಅದಕ್ಕೆ ಮಾತ್ರೆ. ಎದ್ದ ಕೂಡಲೇ ದೊಡ್ಡ ಪಾಲು, ಮಧ್ಯಾಹ್ನ ಚಿಕ್ಕ ಪಾಲು. ರಾತ್ರಿ ತೆಗೆದುಕೊಂಡರೆ ನಿದ್ದೆ ಕೆಡುತ್ತದೆ. ಹೈಡ್ರೊಕಾರ್ಟಿಸೋನ್ ಮಾತ್ರೆ ಸಣ್ಣ ಊರಿನ ಮೆಡಿಕಲ್‌ಗಳಲ್ಲಿ ಸಿಗದೆ ಹೋಗಬಹುದು. ಅಂಥ ಸಮಯಕ್ಕೆ ಎಷ್ಟು ಪ್ರೆಡ್ನಿಸೊಲೋನ್ ತೆಗೆದುಕೊಳ್ಳಬೇಕು ಎಂದು ಈಗಲೇ ವೈದ್ಯರಿಂದ ಚೀಟಿಯಲ್ಲಿ ಬರೆಸಿಟ್ಟುಕೊಳ್ಳಿ.

ನಮಗೆ ಜ್ವರ ಬಂದಾಗ ದೇಹ ತಾನಾಗಿ ಕಾರ್ಟಿಸಾಲ್ ಏರಿಸಿಕೊಳ್ಳುತ್ತದೆ. ಅತ್ತೆಯ ದೇಹಕ್ಕೆ ಆ ಶಕ್ತಿಯಿಲ್ಲ. ಅವರಿಗಾಗಿ ನೀವು ಏರಿಸಬೇಕು. ಜ್ವರ 100.4 ಡಿಗ್ರಿ ದಾಟಿದರೆ ಮಾತ್ರೆ ಎರಡರಷ್ಟು, 102 ದಾಟಿದರೆ ಮೂರರಷ್ಟು, ಜ್ವರ ಬಿಡುವ ತನಕ. ಆಮೇಲೆ ಮಾಮೂಲಿ ಡೋಸಿಗೆ ಮರಳಿ. ಹಲ್ಲು ಕೀಳಿಸುವುದಿದ್ದರೂ, ಯಾವುದೇ ಆಪರೇಷನ್ ಇದ್ದರೂ ಮೊದಲೇ ತಿಳಿಸಬೇಕು. ವಾಂತಿಯಾದರೆ ಮಾತ್ರೆ ಒಳಗೆ ನಿಲ್ಲುವುದಿಲ್ಲ, ಆಗ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ನೇ ಬೇಕು. ಈ ಇಂಜೆಕ್ಷನ್ ದುಬಾರಿಯದಲ್ಲ, ಅಪರೂಪದ್ದೂ ಅಲ್ಲ. ಅಲರ್ಜಿಗೆ, ಉಬ್ಬಸಕ್ಕೆ ಬಳಸುವುದರಿಂದ ಹೆಚ್ಚಿನ ಆಸ್ಪತ್ರೆಗಳಲ್ಲಿ ಇರುತ್ತದೆ. ದಯವಿಟ್ಟು ಅಂಥ ಹೊತ್ತಿನಲ್ಲಿ ‘ನಮ್ಮ ಡಾಕ್ಟರು ಮೈಸೂರಿನವರು’ ಎಂದು ನೂರು ಕಿಲೋಮೀಟರಿಗೂ ಮೀರಿದ ದಾರಿ ಹಿಡಿಯಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆ ಅಥವಾ ಮಡಿಕೇರಿಗೆ ಹೋಗಿ, ಬಾಗಿಲಲ್ಲೇ ‘ಇವರಿಗೆ ಕಾರ್ಟಿಸಾಲ್ ಇಲ್ಲ, ಹೈಡ್ರೊಕಾರ್ಟಿಸೋನ್ ಕೊಡಿ’ ಎಂದು ಹೇಳಿ. ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಕೊಡುವಂಥ ಔಷಧ ಅದು. ನಿಮ್ಮ ಗಂಡ ಅಥವಾ ನೀವು ಈ ಇಂಜೆಕ್ಷನ್ ತೊಡೆಗೆ ಹಾಕುವುದನ್ನು ಕಲಿತು ಒಂದು ವಯಲ್, ಸಿರಿಂಜ್ ಮನೆಯಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಕಾಯಿಲೆಯ ಹೆಸರು, ಮಾತ್ರೆ, ಡೋಸ್, ಫೋನ್ ನಂಬರ್ ಬರೆದ ಚೀಟಿ ಅತ್ತೆಯ ಪರ್ಸಿನಲ್ಲಿ ಯಾವಾಗಲೂ ಇರಲಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಿಮ್ಮ ಕಡೆಯ ರಸ್ತೆಗಳ ಸ್ಥಿತಿ ಏನಾಗಿತ್ತು ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಬೇರೆ ಊರಿನ ರೋಗಿಗೆ ತಿಂಗಳ ಮಾತ್ರೆ ಸಾಕು ಎನ್ನುತ್ತೇನೆ. ಕೊಡಗಿನವರಿಗೆ ಮಾತ್ರ, ಮೇ ಮುಗಿಯುವ ಮೊದಲೇ ಮೂರು ತಿಂಗಳ ಮಾತ್ರೆ ತಂದು, ತೇವ ತಾಗದ ಡಬ್ಬಿಯಲ್ಲಿಡಿ ಎಂದು ಹೇಳುತ್ತೇನೆ. ಮನೆ ಬಿಟ್ಟು ಹೊರಡಬೇಕಾಗಿ ಬಂದರೆ ಆಧಾರ್ ಕಾರ್ಡಿಗಿಂತ ಮೊದಲು ಕೈಗೆ ಬರಬೇಕಾದದ್ದು ಆ ಡಬ್ಬಿ.

ಥೈರಾಯ್ಡ್ ಮಾತ್ರೆಗೆ ಸಂಬಂಧಿಸಿ ಇನ್ನೊಂದು. ಎದ್ದ ಕೂಡಲೇ ಬೆಲ್ಲದ ಕಾಫಿ ಕುಡಿಯುವ ಮನೆ ನಿಮ್ಮದಾಗಿದ್ದರೆ, ಕಾಫಿಯೊಂದಿಗೆ ಆ ಮಾತ್ರೆ ನುಂಗುವುದು ಬೇಡ. ಕಾಫಿ ಅದನ್ನು ಹೀರಲು ಬಿಡುವುದಿಲ್ಲ. ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಮೂಳೆಯ ಸಾಂದ್ರತೆಯನ್ನು ಒಮ್ಮೆ ಪರೀಕ್ಷಿಸಿ. ಸ್ಟೀರಾಯ್ಡ್ ಭಯಕ್ಕಲ್ಲ, ಇಪ್ಪತ್ತೈದರ ವಯಸ್ಸಿಗೇ ಮುಟ್ಟು ನಿಂತು ಈಸ್ಟ್ರೋಜನ್ ಇಲ್ಲದೆ ಅಷ್ಟು ವರ್ಷ ಕಳೆದಿರುವುದಕ್ಕೆ. ಚಿಕ್ಕ ವಯಸ್ಸಿನಲ್ಲೇ ಪತ್ತೆಯಾಗಿದ್ದರೆ ಆ ಹಾರ್ಮೋನನ್ನೂ ಸುಮಾರು 50 ವರ್ಷದ ತನಕ ಕೊಡುತ್ತಿದ್ದೆವು. ಈಗ 54ಕ್ಕೆ ಅದನ್ನು ಶುರುಮಾಡುವ ಅಗತ್ಯವಿಲ್ಲ. ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ ಬಲು ದುಬಾರಿ, ಅದಿಲ್ಲದೆಯೂ ಅವರು ಚೆನ್ನಾಗಿ ಬದುಕಬಹುದು. ಸ್ಟೀರಾಯ್ಡ್ ಶುರುವಾದ ಮೇಲೆ ಲೋಟಗಟ್ಟಲೆ ನೀರು ಕುಡಿಯುವುದು, ರಾತ್ರಿಯೆಲ್ಲ ಮೂತ್ರಕ್ಕೆ ಏಳುವುದು ಕಂಡರೆ ವೈದ್ಯರಿಗೆ ತಿಳಿಸಿ. ಗ್ರಂಥಿಯ ಹಿಂಭಾಗಕ್ಕೂ ಸ್ವಲ್ಪ ಪೆಟ್ಟು ಬಿದ್ದಿದ್ದರೆ ಅದು ಆಗ ಹೊರಬೀಳುತ್ತದೆ, ಅದಕ್ಕೂ ಔಷಧವಿದೆ.

ಪಿಟ್ಯುಟರಿ ತೊಂದರೆ ಎಂದ ಕೂಡಲೇ ಆಪರೇಷನ್ ನೆನಪಾಗುವುದಕ್ಕೆ ಕಾರಣ ಇದೇ ಗ್ರಂಥಿಯಲ್ಲಿ ಬೆಳೆಯುವ ಗೆಡ್ಡೆಗಳು. ಅವು ಬೇರೆ ಜಾತಿ, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಗ್ರಂಥಿಯ ನೇರ ಮೇಲೆ ಎರಡೂ ಕಣ್ಣಿನ ನರಗಳು ಸೇರುವ ಜಾಗವಿರುವುದರಿಂದ, ಗೆಡ್ಡೆ ಮೇಲಕ್ಕೆ ಒತ್ತಿದರೆ ನೋಟದ ಎರಡೂ ಬದಿ ಮಸುಕಾಗುತ್ತದೆ. ಪಕ್ಕದಿಂದ ಬರುವ ಗಾಡಿ ಕಾಣುವುದಿಲ್ಲ, ಬಾಗಿಲಿನ ಚೌಕಟ್ಟಿಗೆ ಭುಜ ಬಡಿಯುತ್ತದೆ. ಬೆಳವಣಿಗೆಯ ಹಾರ್ಮೋನು ಅತಿಯಾಗಿ ಸುರಿಸುವ ಗೆಡ್ಡೆಯಾದರೆ ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ನಂಬರ್ ಏರುತ್ತದೆ, ದವಡೆ ಮುಂದೆ ಬರುತ್ತದೆ. ಅಂಥವರಿಗೆ ನಾನು ಮದುವೆಯ ಫೋಟೋ ತರಲು ಹೇಳುತ್ತೇನೆ. ದಿನಾ ನೋಡುವ ಮನೆಯವರಿಗೆ ಕಾಣದ ಬದಲಾವಣೆ ಆ ಫೋಟೋದ ಪಕ್ಕ ನಿಲ್ಲಿಸಿದರೆ ತಟ್ಟನೆ ಕಾಣುತ್ತದೆ. ಇವಕ್ಕೆ ಮೂಗಿನ ಮೂಲಕವೇ ಆಪರೇಷನ್ ಮಾಡುತ್ತಾರೆ, ಬುರುಡೆ ತೆರೆಯುವುದು ಈಗ ಅಪರೂಪ. ಪ್ರೊಲ್ಯಾಕ್ಟಿನ್ ಸುರಿಸುವ ಗೆಡ್ಡೆಗೆ ಹೆಚ್ಚಿನವರಲ್ಲಿ ಆಪರೇಷನ್ನೂ ಬೇಡ, ಕ್ಯಾಬರ್ಗೊಲಿನ್ ಮಾತ್ರೆಗೆ ಕರಗುತ್ತದೆ. ಆದರೆ ಬಸುರಿಯಲ್ಲದ, ಬಾಣಂತಿಯಲ್ಲದ ಹೆಂಗಸಿಗೆ ಎದೆಹಾಲು ಬಂತೆಂದು ನೇರ ಎಂಆರ್‌ಐಗೆ ಓಡುವ ಮುನ್ನ ಮನೆಯ ಮಾತ್ರೆ ಡಬ್ಬಿ ತೆರೆದು ನೋಡಿ. ಗ್ಯಾಸ್ಟ್ರಿಕ್‌ಗೆಂದು ತಿಂಗಳುಗಟ್ಟಲೆ ನುಂಗುವ ಮಾತ್ರೆಯಲ್ಲಿ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಇದ್ದರೆ ಅದೇ ಪ್ರೊಲ್ಯಾಕ್ಟಿನ್ ಏರಿಸುತ್ತದೆ.

ಗ್ರಂಥಿ ಮಲಗಲು ಹೆರಿಗೆಯೊಂದೇ ಕಾರಣವಲ್ಲ. ಕೊಳಕುಮಂಡಲ ಹಾವು ಕಚ್ಚಿ ಬದುಕಿದವರಲ್ಲಿ ಕೆಲವರಿಗೆ ಇದೇ ರೀತಿ ಪಿಟ್ಯುಟರಿ ಸಾಯುತ್ತದೆ. ಬರ್ಮಾದಲ್ಲೂ ದಕ್ಷಿಣ ಭಾರತದಲ್ಲೂ ಇಂಥ ರೋಗಿಗಳನ್ನು ವೈದ್ಯರು ದಾಖಲಿಸಿದ್ದಾರೆ. ಹಾವು ಕಚ್ಚಿ ಗುಣವಾಗಿ ಬಂದ ಮೇಲೂ ತಿಂಗಳುಗಟ್ಟಲೆ ಸುಸ್ತು ಬಿಡದ ತೋಟದ ಕೆಲಸಗಾರರಿದ್ದರೆ ಈ ಪರೀಕ್ಷೆ ಮಾಡಿಸಬೇಕು. ಇನ್ನು, ಮಳೆಗಾಲದ ಕೀಲುನೋವಿಗೆಂದು ಹೆಸರು ಬರೆಯದ ಪೊಟ್ಟಣದಲ್ಲಿ ಪುಡಿ, ಮಾತ್ರೆ ಕೊಡುವವರ ಬಗ್ಗೆ ನನಗೆ ತೀರದ ಸಂಕಟವಿದೆ. ಎರಡೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಹೆಚ್ಚು. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಪಿಟ್ಯುಟರಿ ಕೂಗುವುದನ್ನೇ ಬಿಡುತ್ತದೆ. ಪುಡಿ ಥಟ್ಟನೆ ನಿಂತ ದಿನ ಅವರೂ ನಿಮ್ಮ ಅತ್ತೆಯಂತೆಯೇ ಬೀಳುತ್ತಾರೆ. ನೆಂಟರ ಹೆದರಿಕೆ ನಿಜವಾಗಿ ತಾಗಬೇಕಾದದ್ದು ಆ ಪೊಟ್ಟಣಕ್ಕೆ.

ನಿಮ್ಮ ವಿಷಯಕ್ಕೂ ಬರುತ್ತೇನೆ, ನಿಮಗೂ ಮಕ್ಕಳಾಗುವ ವಯಸ್ಸು. ಮಗು ಹುಟ್ಟಿದ ಕೂಡಲೇ ಆಸ್ಪತ್ರೆಯಲ್ಲಿ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಗರ್ಭಕೋಶ ಬಿಗಿದು ರಕ್ತ ನಿಲ್ಲಲೆಂದು ಎಲ್ಲ ತಾಯಂದಿರಿಗೂ ಇದನ್ನು ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪಿಟ್ಯುಟರಿಯ ಹಿಂಭಾಗ ಬಿಡುವ ಹಾರ್ಮೋನಿನದೇ ಪ್ರತಿರೂಪ ಆ ಇಂಜೆಕ್ಷನ್. ಅದು ತಾಯಿಯ ಜೀವದ ಜೊತೆಗೆ ಅದೇ ಗ್ರಂಥಿಯ ಮುಂಭಾಗವನ್ನೂ ಕಾಯುತ್ತದೆ. ನನ್ನ ವಿಷಯದಲ್ಲಿ ಇಷ್ಟು ಮನಸ್ಸು ತುಂಬುವ ಸಂಗತಿ ಇನ್ನೊಂದಿಲ್ಲ. ಕಾಶ್ಮೀರ ಕಣಿವೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಕ್ಕಳನ್ನು ಹೆತ್ತ, 20 ದಾಟಿದ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಶೀಹನ್ ಕಾಯಿಲೆ ಕಂಡಿತ್ತು, ಅವರಲ್ಲಿ ಹೆಚ್ಚಿನವರದು ಮನೆಯ ಹೆರಿಗೆ. ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಬಂದದ್ದು 2008ರಲ್ಲಿ. ಅದಕ್ಕೂ ಎಷ್ಟೋ ಮೊದಲು, ಜೀಪೂ ಹತ್ತದ ದಾರಿಯ ಮನೆಗಳಲ್ಲಿ, ಲೈನ್ ಮನೆಗಳಲ್ಲಿ ಹೆತ್ತವರು ಈಗ ಐವತ್ತು, ಅರವತ್ತರಲ್ಲಿದ್ದಾರೆ. ನಿಮ್ಮ ಊರಿನಲ್ಲೂ ‘ಬಾಣಂತನದಿಂದ ಏಳಲೇ ಇಲ್ಲ’ ಎಂದು ಹೇಳಿಸಿಕೊಂಡ ಅಜ್ಜಿಯೋ ದೊಡ್ಡಮ್ಮನೋ ಇದ್ದರೆ ಆ ಮೂರು ಪ್ರಶ್ನೆ ಕೇಳಿ ನೋಡಿ. ಉತ್ತರ ಮೂರಕ್ಕೂ ಕೂಡಿ ಬಂದರೆ ಬೆಳಗಿನ ಕಾರ್ಟಿಸಾಲ್ ಮತ್ತು ಫ್ರೀ ಟಿ4 ಮಾಡಿಸಲು ಹೇಳಿ. ನಿಮ್ಮ ಆಶಾ ಕಾರ್ಯಕರ್ತೆಗೂ ತಿಳಿಸಿ, ಮನೆ ಮನೆಯ ಹೆರಿಗೆಯ ಕಥೆ ಅವರಿಗೆ ಗೊತ್ತಿರುತ್ತದೆ.

ಅತ್ತೆ ಯಾವಾಗ ಚೇತರಿಸಿಕೊಳ್ಳುತ್ತಾರೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕಾರ್ಟಿಸಾಲ್ ಒಳಗೆ ಹೋದ ಕೆಲವೇ ದಿನಗಳಲ್ಲಿ ಹಸಿವು ಮರಳುತ್ತದೆ, ಬೆಳಗಿನ ತಲೆಸುತ್ತು ಹೋಗುತ್ತದೆ. ಥೈರಾಯ್ಡ್ ಡೋಸ್ ಸರಿಯಾಗಿ ಚಳಿ, ಮೈಭಾರ ಕಡಿಮೆಯಾಗಲು ಒಂದೂವರೆ ಎರಡು ತಿಂಗಳು ಬೇಕು. ಹಿಮೋಗ್ಲೋಬಿನ್ ಏರಲು ಇನ್ನೂ ತಡವಾಗಬಹುದು. ಮೂವತ್ತು ವರ್ಷ ಬಳಸದ ಮಾಂಸಖಂಡಗಳು, ಒಮ್ಮೆಗೇ ತೋಟದ ಕೆಲಸಕ್ಕೆ ಇಳಿಯಲು ಬಿಡಬೇಡಿ.

ಕಕ್ಕಡ 18ಕ್ಕೆ ಮದ್ದು ಪಾಯಸ ಕೊಡಿ, ಅದರಿಂದ ಈ ಕಾಯಿಲೆಗೆ ತೊಂದರೆಯಿಲ್ಲ. ಮೂತ್ರ ಕೆಂಪಾಗುವುದು ಸೊಪ್ಪಿನ ಬಣ್ಣ, ನಿಮಗೆ ತಿಳಿದದ್ದೇ. ಆಸ್ಪತ್ರೆಗೆ ಹೋದರೆ ಮಾತ್ರ ಅಲ್ಲಿಯವರಿಗೆ ಹೇಳಿಬಿಡಿ, ರಕ್ತ ಎಂದುಕೊಂಡಾರು. ಆ ದಿನ ಬೆಳಿಗ್ಗೆಯ ಮಾತ್ರೆ ಎಂದಿನಂತೆ ಮೊದಲು, ಪಾಯಸ ಆಮೇಲೆ.